ಟರಾಂಟುಲಾ ಸಾಕುವ ಮುನ್ನ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಶಾಲೆಗಳಲ್ಲೂ ಈಗ ವಿಜ್ಞಾನ ಶಿಕ್ಷಕರಿಗೆ ಎದುರಾಗುವ ಪ್ರಶ್ನೆ: ‘ಸಾರ್, ಟರಾಂಟುಲಾ ಸಾಕಬಹುದೇ?’ ಮೊಬೈಲಿನಲ್ಲಿ ಕಂಡ ಮೈತುಂಬ ರೋಮದ ದೈತ್ಯ ಜೇಡ ಮಕ್ಕಳ ಮನಸ್ಸನ್ನು ಸೆಳೆದಿದೆ. ಪಾಲಕರಿಗೋ ಗಾಬರಿ.

ಅಷ್ಟು ಗಾಬರಿ ಬೇಡ. ಟರಾಂಟುಲಾ ಕಡಿತದ ವಿಷದಿಂದ ಮನುಷ್ಯರು ಸತ್ತ ಖಚಿತ ದಾಖಲೆಯಿಲ್ಲ. ಆದರೆ ನಮ್ಮ ದೇಶದ ಕೆಲವು ಜಾತಿಗಳು ಕಚ್ಚಿದರೆ ತೀವ್ರ ನೋವು, ಸ್ನಾಯುಸೆಳೆತ ಉಂಟಾಗುತ್ತದೆ. ಕೈಯಲ್ಲಿಟ್ಟು ಆಡಿಸುವುದು ಅದಕ್ಕೂ ಅಪಾಯ. ಎದೆಯೆತ್ತರದಿಂದ ಬಿದ್ದರೂ ಮೃದುವಾದ ಹೊಟ್ಟೆ ಒಡೆದು ಸಾಯಬಹುದು.

ಸಾಕುವ ಕ್ರಮ ಹೀಗಿದೆ. ಗಾಳಿಯಾಡುವ ಭದ್ರ ಮುಚ್ಚಳದ ಪೆಟ್ಟಿಗೆ, ಬಿಲ ತೋಡುವ ಜಾತಿಯಾದರೆ ಆಳವಾದ ಮಣ್ಣು, ತಟ್ಟೆಯಲ್ಲಿ ಸ್ವಲ್ಪ ನೀರು, ವಾರಕ್ಕೆ ಒಂದೆರಡು ಮಿಡತೆ ಅಥವಾ ಜಿರಲೆ. ಔಷಧಿ ಸಿಂಪಡಿಸಿದ ಹೊಲದ ಮಿಡತೆ ಮಾತ್ರ ಬೇಡ. ಪೊರೆ ಕಳಚುವಾಗ ಜೇಡ ಅಂಗಾತ ಮಲಗುತ್ತದೆ. ಸತ್ತಿತೆಂದು ಎಸೆಯಬಾರದು, ಮುಟ್ಟಲೂಬಾರದು. ಆಗ ಹೊಸ ಚರ್ಮ ಮೆತ್ತಗಿರುವುದರಿಂದ ಪೆಟ್ಟಿಗೆಯಲ್ಲಿ ಬಿಟ್ಟ ಮಿಡತೆಯೇ ಅದನ್ನು ಕಚ್ಚಿ ಗಾಯಗೊಳಿಸಬಹುದು. ಹಲವು ಜಾತಿಗಳ ಹೆಣ್ಣು 20 ವರ್ಷ ಬದುಕುವುದುಂಟು. ಏಳನೆಯ ತರಗತಿಯ ಹುಡುಗ ತಂದ ಜೇಡವನ್ನು, ಅವನು ನೌಕರಿಗೆಂದು ಊರು ಬಿಟ್ಟ ಮೇಲೆ ತಾಯಿಯೇ ನೋಡಿಕೊಳ್ಳಬೇಕಾದೀತು!

ಇಷ್ಟಕ್ಕೂ ಈ ಜೇಡಗಳು ಬರುವುದೆಲ್ಲಿಂದ? ಬಳ್ಳಾರಿಯಾಚೆ, ಆಂಧ್ರದ ಗುತ್ತಿಯಲ್ಲಿ ರೈಲ್ವೆಯ ಮರಮುಟ್ಟಿನ ನಡುವೆ ಸಿಕ್ಕ ಹೊಳೆಯುವ ನೀಲಿ ಜೇಡಕ್ಕೆ 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ‘ಪೊಸಿಲೊಥೀರಿಯಾ ಮೆಟಾಲಿಕಾ’ ಎಂದು ಹೆಸರಿಟ್ಟರು. ವಿಜ್ಞಾನಿಗಳಿಗೆ ಅದು ಮತ್ತೆ ಕಂಡದ್ದು 2001ರಲ್ಲಿ, ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನ ಮರದ ಪೊಟರೆಗಳಲ್ಲಿ. 2008ರಲ್ಲಿ ಅದು ‘ಅಳಿವಿನ ತೀವ್ರ ಅಪಾಯ’ದ ಪಟ್ಟಿ ಸೇರಿತು. ಮರ ಕಡಿಯುವುದರ ಜೊತೆಗೆ ಸಾಕುವವರ ಆಸೆಯೂ ಅದಕ್ಕೆ ಕಾರಣ. ವಿದೇಶಗಳಲ್ಲಿ ಈಗ ಅದನ್ನು ಮರಿ ಮಾಡಿಸಿ ಮಾರುತ್ತಾರೆ ನಿಜ. ಮೊದಲ ತಾಯಿಜೇಡಗಳು ಹೋದದ್ದು ನಮ್ಮ ಕಾಡಿನಿಂದಲೇ. 2019ರಲ್ಲಿ ಈ ಕುಲದ ಎಲ್ಲ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ‘ಸೈಟಿಸ್’ ಒಪ್ಪಂದದ ಹತೋಟಿಗೆ ತರಲಾಯಿತು.

ಆದ್ದರಿಂದ ಮಕ್ಕಳೇ, ಬಿಲ ಅಗೆದು ಜೇಡವನ್ನು ಬಾಟಲಿಗೆ ತುಂಬಬೇಡಿ, ಕೊಳ್ಳಲೂಬೇಡಿ. ರಾತ್ರಿ ಅಡುಗೆಮನೆಯ ಗೋಡೆ ನೋಡಿ. ಬಲೆ ಹೆಣೆಯದ ಅಂಗೈಯಗಲದ ಚಪ್ಪಟೆ ಜೇಡ ಅಲ್ಲಿ ಜಿರಲೆಗೆ ಹೊಂಚು ಹಾಕಿರಬಹುದು. ಹೆಣ್ಣಾಗಿದ್ದರೆ ಒಮ್ಮೊಮ್ಮೆ ಬಿಲ್ಲೆಯಂಥ ಮೊಟ್ಟೆಚೀಲವನ್ನು ಎದೆಗವಚಿಕೊಂಡಿರುತ್ತದೆ. ಯಾವ ದಿನ ಕಂಡಿತು, ಏನು ತಿಂದಿತು, ಮರಿಗಳು ಎಂದು ಹೊರಬಂದವು – ದಿನಾಂಕ ಹಾಕಿ ಬರೆದಿಡಿ. ಪೆಟ್ಟಿಗೆ ಬೇಡ, ಹಣವೂ ಬೇಡ. ಪಾಲಕರು ಪೊರಕೆ ಎತ್ತದಿದ್ದರೆ ಸಾಕು.