ಕ್ರೈಸ್ತ ರಾಜಧರ್ಮದಲ್ಲಿ ಸೇವೆಯ ಆದರ್ಶ: ಒಂಬತ್ತನೆಯ ಲೂಯಿಯ ನಿದರ್ಶನ

ಅರಸು, ಸೇವಕ ಎಂಬೆರಡು ಪದಗಳು ಲೋಕವ್ಯವಹಾರದಲ್ಲಿ ಪರಸ್ಪರ ವಿರುದ್ಧವಾದುವು. ಒಬ್ಬನು ಆಜ್ಞಾಪಿಸುವವನು, ಮತ್ತೊಬ್ಬನು ಆ ಆಜ್ಞೆಯನ್ನು ಶಿರಸಾವಹಿಸುವವನು. ಇವೆರಡನ್ನೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿಸಲೆಳಸಿದುದು ಕ್ರೈಸ್ತ ರಾಜಕೀಯ ಚಿಂತನೆಯ ಒಂದು ವೈಶಿಷ್ಟ್ಯ. ಈ ಆದರ್ಶವು ಎಲ್ಲಿ ಹುಟ್ಟಿತು, ಸಿಂಹಾಸನವನ್ನೇರಿದ ಮೇಲೆ ಅದರ ಗತಿಯೇನಾಯಿತು ಎಂಬುದನ್ನು ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಯ (ಆಳ್ವಿಕೆ 1226–1270) ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

ಆದರ್ಶದ ಮೂಲವು ಸುವಾರ್ತೆಗಳಲ್ಲಿದೆ. ಲೂಕನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿ, ಕಡೆಯ ಭೋಜನದ ಹೊತ್ತಿನಲ್ಲಿ, ತಮ್ಮೊಳಗೆ ದೊಡ್ಡವನು ಯಾರೆಂದು ಶಿಷ್ಯರು ವಾದಿಸುತ್ತಾರೆ. ಆಗ ಯೇಸು, ಅನ್ಯಜನಾಂಗಗಳ ಅರಸರು ದೊರೆತನವನ್ನು ನಡೆಸುತ್ತ ಉಪಕಾರಿಗಳೆಂಬ ಹೆಸರನ್ನೂ ಪಡೆಯುತ್ತಾರೆಂದು ಹೇಳಿ, ಶಿಷ್ಯರ ನಡುವೆ ಹಾಗಾಗಕೂಡದೆಂದು ಬೋಧಿಸುತ್ತಾನೆ. ಇದು ಬರಿಯ ಅಲಂಕಾರದ ಮಾತಲ್ಲ. ಈಜಿಪ್ಟನ್ನಾಳಿದ ಮೂರನೆಯ ಟಾಲೆಮಿಯೂ ಎಂಟನೆಯ ಟಾಲೆಮಿಯೂ ‘ಯೂಎರ್ಗೆಟೀಸ್’, ಎಂದರೆ ಉಪಕಾರಿ, ಎಂಬ ಬಿರುದನ್ನೇ ಧರಿಸಿದ್ದರು. ದಾನಶೀಲನಾದ ದೊರೆಯನ್ನು ಆ ಕಾಲವು ಚೆನ್ನಾಗಿ ಬಲ್ಲದು. ಆದರೆ ದಾನವು ಕೊಡುವವನನ್ನು ಮೇಲೆಯೇ ನಿಲ್ಲಿಸುತ್ತದೆ. ಸುವಾರ್ತೆಯ ಅಪೇಕ್ಷೆಯಾದರೋ ಅವನು ಕೆಳಗಿಳಿಯಬೇಕೆಂಬುದು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಗುರುವು ನಡುವಿಗೆ ವಸ್ತ್ರವನ್ನು ಸುತ್ತಿಕೊಂಡು, ಆಳಿನಂತೆ ಶಿಷ್ಯರ ಪಾದಗಳನ್ನು ತೊಳೆಯುತ್ತಾನೆ. ಅದೇ ಗ್ರಂಥದಲ್ಲಿ ಆತನಿಗೆ ದೊರೆಯುವ ಕಿರೀಟವು ಮುಳ್ಳಿನದು; ಆತನನ್ನು ಅರಸನೆಂದು ಸಾರುವ ಫಲಕವಿರುವುದು ಶಿಲುಬೆಯ ಮೇಲೆ.

ರೋಮಿನ ಚಕ್ರವರ್ತಿಗಳು ಕ್ರೈಸ್ತರಾದ ಮೇಲೆ ಈ ಬೋಧೆಯನ್ನು ಅಧಿಕಾರಕ್ಕೆ ಹೇಗೆ ಅನ್ವಯಿಸುವುದೆಂಬ ಪ್ರಶ್ನೆಯೆದ್ದಿತು. ಥೆಸಲೋನಿಕ ನಗರದಲ್ಲಿ ನಡೆಸಿದ ಹತ್ಯಾಕಾಂಡಕ್ಕಾಗಿ ಚಕ್ರವರ್ತಿ ಥಿಯೊಡೋಸಿಯಸನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದು ಮಿಲಾನಿನ ಬಿಷಪ್ ಆಂಬ್ರೋಸನು 390ರಲ್ಲಿ ವಿಧಿಸಿದನು. ಚಕ್ರವರ್ತಿಯು ಅದಕ್ಕೆ ಮಣಿದನು. ಪೋಪ್ ಒಂದನೆಯ ಗ್ರೆಗರಿಯು (590–604) ತನ್ನನ್ನು ದೇವಸೇವಕರ ಸೇವಕನೆಂದು ಕರೆದುಕೊಂಡನು. ಆದರ್ಶವು ಲೋಕದಲ್ಲಿಳಿದು ಬಂದ ಎರಡು ದಾರಿಗಳು ಇವುಗಳಲ್ಲಿಯೇ ಕಾಣುತ್ತವೆ. ವಿನಯವನ್ನು ನುಡಿಯಿಂದಲೂ ಆಚಾರದಿಂದಲೂ ಪ್ರಕಟಿಸುವುದು ಒಂದು; ಆಳುವವನು ತನ್ನ ಕೃತ್ಯಗಳಿಗೆ ಉತ್ತರ ಹೇಳುವುದು ಮತ್ತೊಂದು.

ಲೂಯಿ ದೊರೆಯು ಎರಡು ದಾರಿಗಳನ್ನೂ ಹಿಡಿದವನು. ಅವನ ಒಡನಾಡಿಯೂ ಚರಿತ್ರಕಾರನೂ ಆದ ಜ್ವಾನ್ವೀಲನು 1309ರಲ್ಲಿ ಮುಗಿಸಿದ ಗ್ರಂಥದಲ್ಲಿ ಒಂದು ಸಂಭಾಷಣೆಯಿದೆ. ಪವಿತ್ರ ಗುರುವಾರದಂದು ಬಡವರ ಕಾಲನ್ನು ತೊಳೆಯುವೆಯಾ ಎಂದು ದೊರೆಯು ಕೇಳುತ್ತಾನೆ. ಅಂಥ ಹೀನರ ಕಾಲನ್ನು ತಾನೆಂದಿಗೂ ತೊಳೆಯೆನೆಂದು ಜ್ವಾನ್ವೀಲನು ಜುಗುಪ್ಸೆಯಿಂದ ಉತ್ತರಿಸುತ್ತಾನೆ. ದೇವರೇ ಮಾಡಿ ತೋರಿಸಿದುದನ್ನು ಹೀಗೆ ಹಳಿಯಬಾರದೆಂದು ದೊರೆಯು ಅವನನ್ನು ತಿದ್ದುತ್ತಾನೆ. ಪ್ಯಾರಿಸ್ಸಿನಲ್ಲಿ 300 ಮಂದಿ ಅಂಧರಿಗಾಗಿ ಲೂಯಿಯು ಕಟ್ಟಿಸಿದ ಆಶ್ರಯಧಾಮವೂ ಈ ಭಾವದ್ದೇ. ‘ಹದಿನೈದು ಇಪ್ಪತ್ತುಗಳು’ ಎಂಬರ್ಥದ ಹೆಸರಿನ ಆ ಸಂಸ್ಥೆಯು ನೇತ್ರಚಿಕಿತ್ಸಾಲಯವಾಗಿ ಇಂದಿಗೂ ಉಳಿದಿದೆ.

ಇದಕ್ಕಿಂತ ಗಹನವಾದುದು 1247ರ ವಿಚಾರಣೆ. ಕ್ರೂಸೇಡ್ ಯುದ್ಧಕ್ಕೆ ಹೊರಡುವ ಮುನ್ನ ಲೂಯಿಯು ರಾಜ್ಯದ ನಾನಾ ಭಾಗಗಳಿಗೆ ವಿಚಾರಕರನ್ನು ಕಳುಹಿಸಿದನು. ಇವರಲ್ಲಿ ಹೆಚ್ಚಿನವರು ಫ್ರಾನ್ಸಿಸ್ಕನ್ ಮತ್ತು ಡೊಮಿನಿಕನ್ ಸನ್ಯಾಸಿಗಳು. ರಾಜಾಧಿಕಾರಿಗಳಿಂದ, ದೊರೆಯ ಪೂರ್ವಜರ ಕಾಲದಲ್ಲಿಯೂ ಕೂಡ, ಅನ್ಯಾಯಕ್ಕೊಳಗಾದವರ ದೂರುಗಳನ್ನು ಬರೆದುಕೊಂಡು ಪರಿಹಾರ ಒದಗಿಸುವುದು ಅವರ ಕೆಲಸ. ಹೀಗೆ ಬರೆದುಕೊಂಡ ಸುರುಳಿಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ರೈತರ, ವಿಧವೆಯರ ಮೊರೆ ಅವುಗಳಲ್ಲಿ ಕೇಳಬರುತ್ತದೆ. ಯುದ್ಧದಿಂದ ಮರಳಿದ ದೊರೆಯು 1254ರಲ್ಲಿ ಹೊರಡಿಸಿದ ಶಾಸನವು ಅಧಿಕಾರಿಗಳು ಕಾಣಿಕೆ ಪಡೆಯುವುದನ್ನು ನಿರ್ಬಂಧಿಸಿತು. ಪದವಿಯಿಂದಿಳಿದ ಬಳಿಕವೂ ಅವರು ಕೆಲವು ವಾರಗಳ ಕಾಲ ಅಲ್ಲಿಯೇ ನಿಂತು, ತಮ್ಮ ಮೇಲಿನ ದೂರುಗಳಿಗೆ ಉತ್ತರ ಕೊಡಬೇಕೆಂದು ಕಟ್ಟುಮಾಡಿತು. ಪಾದಕ್ಷಾಲನೆಯಲ್ಲಿ ಬಡವನು ಮೌನವಾಗಿ ಕುಳಿತಿರುತ್ತಾನೆ. ವಿಚಾರಣೆಯಲ್ಲಿ ಅವನಿಗೆ ಮಾತು ದೊರೆಯುತ್ತದೆ. ಈ ಭೇದವು ಗಮನಾರ್ಹ.

ಆದರೆ ಆ ಮಾತಿಗೂ ಪ್ರೇಮಕ್ಕೂ ಮೇರೆಯಿದ್ದಿತು. ಇದೇ ದೊರೆಯ ಆಳ್ವಿಕೆಯಲ್ಲಿ, 1240ರ ದಶಕದಲ್ಲಿ, ಯೆಹೂದ್ಯರ ತಾಲ್ಮುದ್ ಗ್ರಂಥಗಳನ್ನು ಬಂಡಿಗಟ್ಟಲೆ ತಂದು ಪ್ಯಾರಿಸ್ಸಿನಲ್ಲಿ ಸುಡಲಾಯಿತು. ಯೆಹೂದ್ಯರು ಉಡುಪಿನ ಮೇಲೆ ಗುರುತಿನ ಚಿಹ್ನೆಯನ್ನು ಧರಿಸಬೇಕೆಂದು 1269ರಲ್ಲಿ ಲೂಯಿಯೇ ಆಜ್ಞೆ ಮಾಡಿದನು. ಬಡವನ ಮುಂದೆ ಮಂಡಿಯೂರಿದ ವಿನಯವು ಅನ್ಯಮತೀಯನ ಮುಂದೆ ಬಾಗಲಿಲ್ಲ. ಇದನ್ನು ಕಾಲಧರ್ಮವೆಂದು ತಳ್ಳಿಹಾಕುವುದು ಸುಲಭ. ಆದರೆ ಆದರ್ಶವನ್ನು ಗಂಭೀರವಾಗಿ ಪರಿಗಣಿಸುವವರು ಹಾಗೆ ತಳ್ಳಿಹಾಕಲಾರರು.

ಮತ್ತೊಂದು ವೈಪರೀತ್ಯವು ಜ್ವಾನ್ವೀಲನ ಗ್ರಂಥದಲ್ಲಿಯೇ ಇದೆ. ದೊರೆಯು ಎರಡನೆಯ ಬಾರಿ ಕ್ರೂಸೇಡಿಗೆ ಕರೆದಾಗ ಅವನು ನಿರಾಕರಿಸಿದನು. ಹಿಂದೆ ತಾನು ಸಮುದ್ರದಾಚೆ ಇದ್ದಾಗ ಫ್ರಾನ್ಸ್ ಮತ್ತು ನವಾರ್ ದೊರೆಗಳ ಅಧಿಕಾರಿಗಳು ತನ್ನ ಪ್ರಜೆಗಳನ್ನು ಸುಲಿದು ಬಡವಾಗಿಸಿದರೆಂದೂ, ದೇವರಿಗೆ ಮೆಚ್ಚುಗೆಯಾಗಬೇಕಾದರೆ ತಾನು ಊರಿನಲ್ಲಿಯೇ ನಿಂತು ಅವರನ್ನು ಕಾಯಬೇಕೆಂದೂ ಕಾರಣ ಕೊಟ್ಟನು. ದೊರೆಯು ಹೋಗಿ 1270ರಲ್ಲಿ ಟ್ಯೂನಿಸ್ಸಿನ ಬಳಿ ಮಡಿದನು, 1297ರಲ್ಲಿ ಸಂತನೆನಿಸಿದನು. ಬಡವರ ಕಾಲನ್ನು ತೊಳೆಯಲೊಲ್ಲದವನು ತನ್ನ ಬಡವರೊಡನೆ ಉಳಿದನು. ಇಬ್ಬರಲ್ಲಿ ಸೇವೆಯ ಮರ್ಮವನ್ನು ಅರಿತವನು ಯಾರೆಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ.

ಆಚಾರದ ಮುಂದಿನ ಗತಿಯನ್ನು ಇಂಗ್ಲೆಂಡಿನಲ್ಲಿ ಕಾಣಬಹುದು. ಅಲ್ಲಿ ಜಾನ್ ದೊರೆಯು 1210ರಲ್ಲಿಯೇ ಪವಿತ್ರ ಗುರುವಾರದ ದಾನ ಮಾಡಿದುದಕ್ಕೆ ದಾಖಲೆಯಿದೆ. ಕಾಲಾನಂತರದಲ್ಲಿ ದೊರೆಗಳು ಪಾದ ತೊಳೆಯುವುದು ನಿಂತುಹೋಯಿತು. ದೊರೆಯ ವಯಸ್ಸಿನಷ್ಟೇ ಪೆನ್ನಿಗಳನ್ನು, ಅಷ್ಟೇ ಸಂಖ್ಯೆಯ ಪುರುಷರಿಗೂ ಸ್ತ್ರೀಯರಿಗೂ ಕೊಡುವ ಸಂಪ್ರದಾಯವು ಉಳಿದುಕೊಂಡಿದೆ. ಸುವಾರ್ತೆಯು ಶಂಕಿಸಿದ ಉಪಕಾರಿಯ ಬಿರುದಿಗೇ ಆಚಾರವು ಹಿಂದಿರುಗಿತೆಂದು ಹೇಳಬಹುದು. ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಹಲವು ಸಿಂಹಾಸನಗಳು ಉರುಳಿದ ತರುವಾಯ, ಪೋಪ್ ಹನ್ನೊಂದನೆಯ ಪಯಸನು 1925ರಲ್ಲಿ ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿ, ಆಳುವವರ ಮೇಲೆಯೂ ಒಬ್ಬ ಅರಸನಿದ್ದಾನೆಂಬುದನ್ನು ನೆನಪಿಸಿದನು.

ಈ ಪರಿಶೀಲನೆಯಿಂದ ನಾವು ತಲಪುವ ನಿರ್ಣಯವಿಷ್ಟು. ಸೇವೆಯೇ ದೊರೆತನವೆಂಬ ಮಾತನ್ನು ಆಳುವವನೇ ಅಳೆದುಕೊಂಡಾಗ ಅದು ಆಚಾರವಾಗಿ ಕುಗ್ಗುತ್ತದೆ. ಸೇವೆ ಪಡೆಯಬೇಕಾದವರ ಕೈಗೆ ಅಳತೆಗೋಲನ್ನು ಕೊಟ್ಟಾಗ ಮಾತ್ರ ಅದು ಧರ್ಮವಾಗಿ ನಿಲ್ಲುತ್ತದೆ. ಆದುದರಿಂದ ಯಾವ ಕಾಲದ, ಯಾವ ಮತದ ಆಳುವವರೇ ಆಗಲಿ ತಮ್ಮನ್ನು ಪ್ರಜಾಸೇವಕರೆಂದು ಕರೆದುಕೊಂಡಾಗ, ಚರಿತ್ರೆಯ ವಿದ್ಯಾರ್ಥಿಯು ಅವರ ಬಿರುದುಗಳನ್ನು ಓದುವುದರ ಜೊತೆಗೆ ದೂರಿನ ಸುರುಳಿಗಳನ್ನೂ ಹುಡುಕಬೇಕು. ಅವುಗಳಲ್ಲಿ ಯಾರ ಮೊರೆ ದಾಖಲಾಗಿಲ್ಲವೆಂಬುದನ್ನೂ ಕೇಳಬೇಕು.