ಹಳೆಯ ಮರಣ ದಾಖಲೆ ಹುಡುಕುವುದು ಹೇಗೆ? ನಮ್ಮ ಮನೆಯ ಅನುಭವ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಗೆಳೆಯರು ಕ್ರಿಕೆಟ್ ಆಡಿದರು, ನಾನು ಅಬ್ಬಾನ ಜೊತೆ ಕಚೇರಿಗಳನ್ನು ಸುತ್ತಿದೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, 1998ರಲ್ಲಿ, ತೀರಿಹೋದ ದಾದಾನ ಮರಣ ಪ್ರಮಾಣಪತ್ರ ನಮಗೆ ಬೇಕಿತ್ತು. ದಾದಾ ಎಂದರೆ ಅಬ್ಬಾನ ತಂದೆ. ಅವರ ಹೆಂಡತಿ ನನ್ನ ದಾದಿ. (ಕನ್ನಡ ತರಗತಿಯಲ್ಲಿ ‘ದಾದಿ’ ಎಂದರೆ ನರ್ಸ್ ಎಂದು ಗೊತ್ತಾದಾಗ ನಾವು ಉರ್ದು ಮನೆಯವರೆಲ್ಲ ನಕ್ಕಿದ್ದೆವು. ಈ ಲೇಖನದಲ್ಲಿ ನರ್ಸ್ ಯಾರೂ ಇಲ್ಲ.)

ಊರಿನಲ್ಲಿ ದಾದಾನ ಹೆಸರಿನಲ್ಲಿ ಒಂದು ಎಕರೆ ಹತ್ತು ಗುಂಟೆ ಹೊಲ ಇದೆ. ಪಹಣಿಯಲ್ಲಿ ಇವತ್ತಿಗೂ ಅವರದೇ ಹೆಸರು. ಅದನ್ನು ದಾದಿ ಮತ್ತು ಮಕ್ಕಳ ಹೆಸರಿಗೆ ಮಾಡಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಈ ಪದ ಕೇಳಿದಾಗ ನನಗೆ ಆಶ್ಚರ್ಯವಾಯಿತು. ನಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ‘ಫೌತ್ ಹೋಗಯೇ’ ಅನ್ನುತ್ತೇವೆ. ಅದೇ ಫೌತ್ ಕಂದಾಯ ಇಲಾಖೆಯಲ್ಲಿ ಪೌತಿಯಾಗಿದೆ. ವಾರಸುದಾರ, ಅರ್ಜಿ, ತಹಶೀಲ್ದಾರ ಎಲ್ಲವೂ ನಮ್ಮ ಮನೆಯ ಮಾತಿನಂತೆಯೇ ಇವೆ. ಆದರೂ ಇಷ್ಟು ವರ್ಷ ನಮ್ಮಲ್ಲಿ ಯಾರೂ ಅರ್ಜಿ ಹಾಕಿರಲಿಲ್ಲ. ಮರಣ ಪತ್ರ ಇಲ್ಲದ ಕಾರಣ ದಾದಿ ವಿಧವಾ ವೇತನವನ್ನೂ ಕೇಳಲಿಲ್ಲ. ಟೈಲರಿಂಗ್ ಮಾಡಿ ಮೂವರು ಮಕ್ಕಳನ್ನು ಬೆಳೆಸಿದರು. ಈಗ ಅವರಿಗೆ ಆರೋಗ್ಯ ಸರಿಯಿಲ್ಲ. ಕಣ್ಣು ಮುಚ್ಚುವ ಮೊದಲು ಹೊಲದ ಕಾಗದ ಸರಿಯಾಗಬೇಕು ಎಂದು ದಿನಕ್ಕೊಂದು ಸಲ ಹೇಳುತ್ತಾರೆ.

ನಾವು ಮೊದಲು ಹೋದದ್ದು ನಮ್ಮ ತಾಲೂಕು ಕಚೇರಿಗೆ. ಹಳ್ಳಿಗಳ ಹಳೆಯ ಜನನ ಮರಣ ಪುಸ್ತಕಗಳು ಅಲ್ಲಿನ ದಾಖಲೆ ಕೊಠಡಿಯಲ್ಲಿರುತ್ತವೆ. ಈಗಿನ ನೋಂದಣಿ ಇ-ಜನ್ಮ ತಂತ್ರಾಂಶದಲ್ಲಿ ಆಗುತ್ತದೆ, ಆದರೆ ನಮಗೆ ಬೇಕಾದ ಕಾಲದ್ದು ಕೈಬರಹದ ಪುಸ್ತಕದಲ್ಲಿ ಮಾತ್ರ ಇತ್ತು. ಗುಮಾಸ್ತರು ‘ಯಾವ ವರ್ಷ, ಯಾವ ತಾರೀಖು?’ ಎಂದು ಕೇಳಿದರು. ಅಬ್ಬಾ ನನ್ನ ಮುಖ ನೋಡಿದರು, ನಾನು ಅಬ್ಬಾನ ಮುಖ ನೋಡಿದೆ. ಹುಡುಕುವ ಶುಲ್ಕವನ್ನು ವರ್ಷಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಹಣ ದೊಡ್ಡದಲ್ಲ. ಆದರೆ ಹತ್ತು ವರ್ಷದ ಪುಸ್ತಕ ತೆಗೆಯಿರಿ ಎಂದರೆ ಯಾರು ತಾನೇ ಮನಸ್ಸಿಟ್ಟು ತೆಗೆಯುತ್ತಾರೆ?

ಮನೆಗೆ ಬಂದು ದಾದಿಯನ್ನು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ ‘ಬಕ್ರೀದ್ ಚಾಂದ್‌ನ ಮೂರನೇ ತಾರೀಖು, ಇಶಾ ಆದ ಮೇಲೆ’ ಎಂದರು. ಪ್ರತಿ ವರ್ಷ ಅದೇ ದಿನ ಫಾತಿಹಾ ಓದಿಸುತ್ತಾರಲ್ಲ, ಮರೆಯುವುದು ಹೇಗೆ? ಆದರೆ ಹಿಜ್ರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು, ಆದ್ದರಿಂದ ಅದೇ ಮೂರನೇ ಚಾಂದ್ ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಚಳಿಗಾಲದಲ್ಲಿ ಬರುತ್ತದೆ. ವರ್ಷ ಗೊತ್ತಾಗದೆ ಲೆಕ್ಕ ಮುಂದೆ ಹೋಗುವುದಿಲ್ಲ. ಕೊನೆಗೆ ಫುಫು ಫೋನಿನಲ್ಲಿ ‘ನನ್ನ ಹತ್ತನೇ ಪರೀಕ್ಷೆಯ ವರ್ಷ’ ಎಂದರು. ಅವರ ಅಂಕಪಟ್ಟಿಯಲ್ಲಿ 1998 ಎಂದಿತ್ತು. ಆ ವರ್ಷ ನಮ್ಮಲ್ಲಿ ಬಕ್ರೀದ್ ಏಪ್ರಿಲ್ 8ಕ್ಕೆ ಆಗಿತ್ತು. ಹಬ್ಬ ಚಾಂದ್‌ನ ಹತ್ತನೇ ದಿನ, ಹಾಗಾದರೆ ಮೂರನೇ ದಿನ ಏಪ್ರಿಲ್ 1. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಲೆಕ್ಕದಲ್ಲಿ ಮಗ್ರಿಬ್ ಆಯಿತೆಂದರೆ ಮರುದಿನ ಶುರು. ದಾದಾ ತೀರಿಕೊಂಡದ್ದು ಇಶಾ ನಂತರ, ಆದ್ದರಿಂದ ಇಂಗ್ಲಿಷ್ ತಾರೀಖು ಮಾರ್ಚ್ 31. ಕಾಮರ್ಸ್ ವಿದ್ಯಾರ್ಥಿಗೆ ಈ ತಾರೀಖು ಮರೆಯುವುದಿಲ್ಲ. ಅದೃಷ್ಟಕ್ಕೆ ಮರಣದ ಪುಸ್ತಕ ಜನವರಿಯಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ, ಆರ್ಥಿಕ ವರ್ಷದಂತೆ ಅಲ್ಲ. ಇಲ್ಲವಾದರೆ ಒಂದು ರಾತ್ರಿಯ ವ್ಯತ್ಯಾಸಕ್ಕೆ ಎರಡು ಪುಸ್ತಕ ನೋಡಬೇಕಾಗುತ್ತಿತ್ತು.

ಈ ತಾರೀಖು ಹಿಡಿದು ಮತ್ತೆ ಹೋದೆವು. ಪುಸ್ತಕ ನೋಡಿದರು, ಇಲ್ಲ ಎಂದರು. ನಾವು ಕೇಳಿದಾಗ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನೂ ಕೊಟ್ಟರು. ಇದು ಸಹ ಕೆಲಸಕ್ಕೆ ಬರುವ ಕಾಗದ, ಬಾಯಿಮಾತಿನ ‘ಇಲ್ಲ’ ಕೇಳಿ ಹಿಂದಿರುಗಬೇಡಿ. ಹೊರಗೆ ಅರ್ಜಿ ಬರೆಯುವವರೊಬ್ಬರು ‘ಹೊಸದಾಗಿ ನೋಂದಣಿ ಮಾಡಿಸಿ, ನಾನು ಮಾಡಿಸಿಕೊಡುತ್ತೇನೆ’ ಎಂದು ದೊಡ್ಡ ಮೊತ್ತ ಹೇಳಿದರು. ಕಾನೂನಿನ ಪ್ರಕಾರ ಮರಣವನ್ನು 21 ದಿನದೊಳಗೆ ತಿಳಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರಿಗೆ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಅಬ್ಬಾ ಒಪ್ಪಿಬಿಡುವುದರಲ್ಲಿದ್ದರು.

ತಡೆದದ್ದು ನಮ್ಮ ಕಾಲೇಜಿನ ಕಚೇರಿಯ ಸರ್. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅವರು ತೀರಿಕೊಂಡದ್ದು ಎಲ್ಲಿ?’ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ‘ಮತ್ತೆ ನಿಮ್ಮ ತಾಲೂಕಿನಲ್ಲಿ ಯಾಕೆ ಹುಡುಕುತ್ತೀರಿ?’

ಈ ಲೇಖನ ಬರೆಯುವುದಕ್ಕೆ ಕಾರಣವೇ ಆ ಮಾತು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮರಣ ನೋಂದಣಿಯಾಗುವುದು ಅದು ಸಂಭವಿಸಿದ ಜಾಗದಲ್ಲಿ. ಮನೆ ಎಲ್ಲಿದೆ, ದಫನ್ ಎಲ್ಲಾಯಿತು ಎಂಬುದು ಲೆಕ್ಕಕ್ಕಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡರೆ ತಿಳಿಸುವ ಹೊಣೆ ಆಸ್ಪತ್ರೆಯದು, ಮನೆಯಲ್ಲಾದರೆ ಮನೆಯ ಯಜಮಾನರದು. ಕಬ್ರಸ್ತಾನ ನೋಡಿಕೊಳ್ಳುವವರಿಗೂ ತಿಳಿಸುವ ಕರ್ತವ್ಯವಿದೆ. ಇದು ನಮ್ಮ ಎಷ್ಟೋ ಜಮಾತ್‌ಗಳಿಗೆ ಗೊತ್ತೇ ಇರಲಿಕ್ಕಿಲ್ಲ. ಕೆಲವು ಮಸೀದಿಗಳಲ್ಲಿ ದಫನ್ ಪುಸ್ತಕ ಇಟ್ಟಿರುತ್ತಾರೆ. ಅದು ಪ್ರಮಾಣಪತ್ರವಲ್ಲ, ಆದರೆ ತಾರೀಖು ತಿಳಿಯಲು ತುಂಬಾ ಸಹಾಯ. ನಮ್ಮೂರಲ್ಲಿ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಮಹಾನಗರ ಪಾಲಿಕೆಯ ಜನನ ಮರಣ ವಿಭಾಗದಲ್ಲಿ ಹುಡುಕಾಟದ ಅರ್ಜಿ ಕೊಟ್ಟೆವು. ಇಂತಹ ಅರ್ಜಿಯನ್ನು ಯಾರು ಬೇಕಾದರೂ ಕೊಡಬಹುದು, ಕಾಯ್ದೆಯ 17ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ. ಅಲ್ಲಿ ಎರಡು ವಿಷಯ ಕಲಿತೆ. ಪುಸ್ತಕದಲ್ಲಿ ನಮೂದುಗಳು ನೋಂದಣಿಯಾದ ಕ್ರಮದಲ್ಲಿರುತ್ತವೆ, ಹಾಗಾಗಿ ಮಾರ್ಚ್ 31ರ ಮರಣ ಏಪ್ರಿಲ್ ಪುಟಗಳಲ್ಲಿ ಇರಬಹುದು. ಎರಡನೆಯದು ಹೆಸರು. ಪಹಣಿಯಲ್ಲಿ ದಾದಾ ‘ಅಬ್ದುಲ್ ಖಾದರ್’. ನಾನು ಒಂದು ಹಾಳೆಯಲ್ಲಿ ಖಾದರ, ಖಾದರಸಾಬ, ಕಾದರಸಾಬ್, ಅಬ್ದುಲಖಾದರ ಎಂದು ಹೊಳೆದಷ್ಟನ್ನು ಬರೆದುಕೊಟ್ಟಿದ್ದೆ. ಉರ್ದು ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಕೇಳಿದವರ ಕಿವಿಯಂತೆ ಅಕ್ಷರ ಬದಲಾಗುತ್ತದೆ. ಅಲ್ಲಿನ ಮೇಡಂ ಆ ಹಾಳೆಯನ್ನು ಪುಟದ ಪಕ್ಕ ಇಟ್ಟುಕೊಂಡು ಬೆರಳಿಟ್ಟು ನೋಡುತ್ತಾ ಹೋದರು. ಏಪ್ರಿಲ್ ಪುಟದಲ್ಲಿ ‘ಕಾದರಸಾಬ’ ಸಿಕ್ಕಿತು. ಮರಣದ ದಿನಾಂಕ 31-3-1998. ವಿಳಾಸ ನಮ್ಮ ಹಳ್ಳಿ. ಅಬ್ಬಾ ಕಟಕಟೆಯ ಹೊರಗೇ ನಿಂತು ಕಣ್ಣು ಒರೆಸಿಕೊಂಡರು. ಆಗ ಅವರಿಗೆ ಹದಿನಾಲ್ಕು ವರ್ಷವಂತೆ.

ಪತ್ರವನ್ನು ಮನೆಗೆ ತಂದಾಗ ದಾದಿ ಕೇಳಿದ್ದು ಹೊಲದ ವಿಷಯವಲ್ಲ. ‘ಅವರಿಗೆ ಏನು ಕಾಯಿಲೆ ಇತ್ತು ಅಂತ ಇದರಲ್ಲಿ ಬರೆದಿದೆಯಾ?’ ಆಗ ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳಿದ್ದರು, ಯಾರಿಗೂ ಅರ್ಥವಾಗಿರಲಿಲ್ಲ. ಇಷ್ಟು ವರ್ಷ ಅವರು ಆ ಪ್ರಶ್ನೆ ಇಟ್ಟುಕೊಂಡಿದ್ದರು ಎಂದು ನಮಗೆ ಗೊತ್ತೇ ಇರಲಿಲ್ಲ. ಆದರೆ ಅರ್ಜಿದಾರರಿಗೆ ಕೊಡುವ ಮರಣ ಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ, ಬಹಿರಂಗಪಡಿಸಬಾರದು ಎಂದು ಅದೇ 17ನೇ ಕಲಮು ಹೇಳುತ್ತದೆ. ನಿಯಮದ ಉದ್ದೇಶ ಒಳ್ಳೆಯದೇ ಇರಬಹುದು. ದಾದಿಗೆ ಅದನ್ನು ಹೇಳುವಾಗ ಮಾತ್ರ ನನಗೆ ಹಾಗೆ ಅನಿಸಲಿಲ್ಲ.

ಈಗ ಉಳಿದಿರುವುದು ಹೆಸರಿನ ತಿದ್ದುಪಡಿ. ಪಹಣಿಯ ಹೆಸರಿಗೂ ಪತ್ರದ ಹೆಸರಿಗೂ ಹೊಂದಿಕೆಯಾಗದೆ ಪೌತಿ ಖಾತೆ ಮುಂದೆ ಹೋಗುವುದಿಲ್ಲ ಎಂದಿದ್ದಾರೆ. ಅಕೌಂಟೆನ್ಸಿಯಲ್ಲಿ ತಪ್ಪು ನಮೂದನ್ನು ಅಳಿಸದೆ ಸರಿಪಡಿಸುವ ನಮೂದು ಹಾಕುತ್ತೇವಲ್ಲ, ಇಲ್ಲಿಯೂ ಹಾಗೆಯೇ. 15ನೇ ಕಲಮಿನಂತೆ ಮೂಲ ಬರಹ ಹಾಗೇ ಉಳಿಯುತ್ತದೆ, ನೋಂದಣಾಧಿಕಾರಿ ಅಂಚಿನಲ್ಲಿ ತಿದ್ದುಪಡಿ ಬರೆದು ತಾರೀಖು ಹಾಕಿ ಸಹಿ ಮಾಡುತ್ತಾರೆ. ಅದಕ್ಕೆ ವಿಷಯ ಗೊತ್ತಿರುವ ಇಬ್ಬರು ನಂಬಿಕಸ್ಥರ ಘೋಷಣೆ ಬೇಕು. ಒಬ್ಬರು ಫುಫುವಿನ ಮಾವ. ಇನ್ನೊಬ್ಬರು ನಮ್ಮ ಪಕ್ಕದ ಹೊಲದ ಕಾಕಾ. ಆ ರಾತ್ರಿ ಟೆಂಪೊದಲ್ಲಿ ದಾದಾನನ್ನು ಹುಬ್ಬಳ್ಳಿಗೆ ಕರೆದೊಯ್ದು, ಆಸ್ಪತ್ರೆಯಲ್ಲಿ ಹೆಸರು ಬರೆಸಿದವರು ಅವರೇ. ‘ನಾವು ಅವನನ್ನ ಕಾದರಸಾಬ ಅಂತಲೇ ಕರೀತಿದ್ವಿ, ಅಬ್ದುಲ್ ಅಂತ ಇತ್ತು ಅಂತ ನನಗ ಹ್ಯಾಂಗ ಗೊತ್ತಾಗಬೇಕು?’ ಎಂದು ಬೇಜಾರು ಮಾಡಿಕೊಂಡಿದ್ದಾರೆ. ಮಂಡಿ ನೋವಿದೆ, ಬಸ್ ಹತ್ತಲಾರರು. ಬರುವ ಸೋಮವಾರ ಅವರನ್ನು ಆಟೊದಲ್ಲಿ ಕರೆದುಕೊಂಡು ಹೋಗುತ್ತೇವೆ.