ಈಸ್ಟರ್ ರಜೆಯಲ್ಲಿ ತ್ಯಾಗರಾಜರ ಆರಾಧನೆ

ತ್ಯಾಗರಾಜರು ತಿರುವೈಯಾರಿನಲ್ಲಿ ಕಾಲವಾದದ್ದು 1847ರಲ್ಲಿ, ಪುಷ್ಯ ಬಹುಳ ಪಂಚಮಿಯಂದು. ಕಾವೇರಿ ದಡದ ಅವರ ಸಮಾಧಿಯ ಬಳಿ ಆರಾಧನೆ ನಡೆಯುವುದೂ ಅದೇ ತಿಥಿಗೆ. ಅದು ಸಾಮಾನ್ಯವಾಗಿ ಜನವರಿಯಲ್ಲಿ ಬೀಳುತ್ತದೆ. ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಮಾತ್ರ ಆರಾಧನೆ ಈಸ್ಟರ್ ಹಬ್ಬದ ಆಸುಪಾಸಿಗೆ. ಈರಿ ಸರೋವರದ ದಂಡೆಯ ಆ ಊರಿನ ಜನವರಿಯ ಹಿಮ ಕಂಡವರಿಗೆ ಇದರ ಕಾರಣ ವಿವರಿಸಬೇಕಿಲ್ಲ. 1978ರಲ್ಲಿ ಚರ್ಚೊಂದರ ನೆಲಮಾಳಿಗೆಯಲ್ಲಿ ಸಣ್ಣದಾಗಿ ಶುರುವಾದ ಈ ಉತ್ಸವ ಈಗ ಹತ್ತು ಹನ್ನೆರಡು ದಿನ ನಡೆಯುತ್ತದೆ. ಆದರೆ ಅಷ್ಟೂ ದಿನ ಕೂರುವಷ್ಟು ರಜೆ ಎಲ್ಲರಿಗೂ ಸಿಗುವುದಿಲ್ಲ. ಪಿಟ್ಸ್‌ಬರ್ಗ್, ಡೆಟ್ರಾಯಿಟ್, ಕೊಲಂಬಸ್ ಕಡೆಯವರಿಗೆ ಕಾರಿನಲ್ಲಿ ಎರಡು ಮೂರು ಗಂಟೆಯ ದಾರಿ; ಶುಕ್ರವಾರ ಆಫೀಸು ಮುಗಿಸಿ ಹೊರಟು ಭಾನುವಾರ ರಾತ್ರಿ ಮನೆ ಸೇರಬಹುದು. ಹೀಗೆ ವಾರಾಂತ್ಯಕ್ಕೆ ಹೊಂದಿಸಿಕೊಂಡ ಆರಾಧನೆಯನ್ನು ಕಂಡು ಊರಿನಲ್ಲಿರುವ ರಸಿಕರು ಕೆಲವರು ಮೂಗು ಮುರಿಯುವುದುಂಟು: ತಿಥಿಯನ್ನೇ ಬಿಟ್ಟ ಮೇಲೆ ಅದು ಆರಾಧನೆ ಹೇಗಾದೀತು, ಊರಿನ ನೆನಪು ತೀರಿಸಿಕೊಳ್ಳುವ ಒಂದು ಜಾತ್ರೆ ಅಷ್ಟೇ, ಎಂದು.

ಈ ಮೂಗು ಮುರಿಯುವವರು ತಿರುವೈಯಾರಿನ ಚರಿತ್ರೆಯನ್ನು ಒಮ್ಮೆ ನೋಡಬೇಕು. ಇಂದು ಟೀವಿಯಲ್ಲಿ ಕಾಣುವ ಆರಾಧನೆ ತ್ಯಾಗರಾಜರ ಶಿಷ್ಯರ ಕಾಲದಿಂದ ಹಾಗೇ ಇಳಿದುಬಂದದ್ದಲ್ಲ. ಸಮಾಧಿ ಪಾಳುಬಿದ್ದಿತ್ತು. ಅದಕ್ಕೊಂದು ಗುಡಿ ಕಟ್ಟಿಸಿದವರು ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ ಮದರಾಸಿನಲ್ಲಿ ಹೆಸರು ಮಾಡಿದ ಬೆಂಗಳೂರು ನಾಗರತ್ನಮ್ಮ. 1920ರ ದಶಕದಲ್ಲಿ ತಮ್ಮ ಸಂಪಾದನೆಯನ್ನೆಲ್ಲ ಅದಕ್ಕೆ ಸುರಿದರು. ಹಾಗಿದ್ದೂ ಅದೇ ಸನ್ನಿಧಿಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ನಾಗರತ್ನಮ್ಮ ಹೆಂಗಸರದ್ದೇ ಒಂದು ತಂಡ ಕಟ್ಟಿ ಬೇರೆಯಾಗಿ ಆರಾಧನೆ ನಡೆಸಿದರು. ಗಂಡಸರಲ್ಲೂ ಎರಡು ಬಣ. ಜಗಳ ಬಗೆಹರಿದು ಎಲ್ಲರೂ ಒಂದಾದದ್ದು 1940ರ ಸುಮಾರಿಗೆ. ನೂರಾರು ಜನ ಸಾಲಾಗಿ ಕೂತು ಪಂಚರತ್ನ ಕೃತಿಗಳನ್ನು ಒಟ್ಟಿಗೆ ಹಾಡುವ ಗೋಷ್ಠಿಗಾಯನ ನೆಲೆಗೊಂಡದ್ದೂ ಆ ಮೇಲೆಯೇ. ಕ್ಲೀವ್‌ಲ್ಯಾಂಡಿನ ಉತ್ಸವಕ್ಕೂ ಇದಕ್ಕೂ ನಡುವೆ ನಾಲ್ಕು ದಶಕಗಳ ಅಂತರವೂ ಇಲ್ಲ. ಪಂಚಾಂಗದ ಮಾತಿಗೆ ಬಂದರೆ ನಾವೇನು ಕಡಿಮೆ? ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ನವಮಿ ಕಳೆದು ವಾರಗಟ್ಟಲೆ ನಡೆಯುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಗಣಪತಿ ಆರ್ಕೆಸ್ಟ್ರಾ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಗಣಪತಿಗೇ ಗೊತ್ತಿರಲಿಕ್ಕಿಲ್ಲ.

ತಿಥಿಗಿಂತ ಮುಖ್ಯವಾದ ಪ್ರಶ್ನೆ, ಆ ವಾರಾಂತ್ಯದಲ್ಲಿ ಸಿಗುವ ಯಾವುದು ಮನೆಯಲ್ಲಿ ಸಿಗುವುದಿಲ್ಲ ಎಂಬುದು. ಕಚೇರಿ ಬೇಕೆಂದರೆ ಯೂಟ್ಯೂಬಿನಲ್ಲಿದೆ. ಪಾಠಕ್ಕೆ ಗುರುಗಳು ಮೈಸೂರಿನಿಂದಲೋ ಚೆನ್ನೈನಿಂದಲೋ ಪರದೆಯ ಮೇಲೆ ಬರುತ್ತಾರೆ. ಆದರೆ ಆ ಪಾಠವನ್ನು ಹತ್ತಿರದಿಂದ ಗಮನಿಸಿ. ಗುರುಗಳು ಒಂದು ಸಾಲು ಹಾಡುತ್ತಾರೆ, ಮಗು ಮೈಕ್ ಆಫ್ ಮಾಡಿಕೊಂಡು ಕೇಳುತ್ತದೆ. ಆಮೇಲೆ ಮಗು ಹಾಡುತ್ತದೆ, ಗುರುಗಳು ಕೇಳುತ್ತಾರೆ. ಇಬ್ಬರೂ ಒಟ್ಟಿಗೆ ಹಾಡುವಂತಿಲ್ಲ. ಭಾರತದಿಂದ ಅಮೆರಿಕಕ್ಕೆ ಹತ್ತು ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡಿದರೂ ದನಿ ಹೋಗಿ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಮೀರಿರುತ್ತದೆ. ಯಂತ್ರಗಳ ತಡ ಸೇರಿ ಅದು ಇನ್ನೂ ಬೆಳೆಯುತ್ತದೆ. ಮಾತುಕತೆಗೆ ಇದು ಲೆಕ್ಕಕ್ಕಿಲ್ಲ, ತಾಳಕ್ಕೆ ಮಾರಕ. ಗುರುಗಳ ಕೈ ತೊಡೆಗೆ ಬೀಳುವುದಕ್ಕೂ ಮಗುವಿನ ದನಿ ಅವರಿಗೆ ಕೇಳುವುದಕ್ಕೂ ಹೊಂದುವುದೇ ಇಲ್ಲ. ಹೀಗಾಗಿ ವಿದೇಶದಲ್ಲಿ ಪರದೆಯ ಮುಂದೆಯೇ ಕಲಿತ ಮಗುವಿಗೆ ಸ್ವರ ಶುದ್ಧವಾಗಿ ಬರಬಹುದು, ಇನ್ನೊಬ್ಬರ ಜೊತೆ ಒಂದೇ ತಾಳದಲ್ಲಿ ಹಾಡುವ ಅಭ್ಯಾಸ ಮಾತ್ರ ಹುಟ್ಟುವುದಿಲ್ಲ.

ಗೋಷ್ಠಿಯಲ್ಲಿ ಸಿಗುವುದೇ ಅದು. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಈ ಅನುಕ್ರಮದಲ್ಲಿ ಐದೂ ಕೃತಿಗಳು ಸಾಗುವಾಗ ಪುಸ್ತಕ ಹಿಡಿದು ಕೂತ ಮಗುವಿನ ಪಕ್ಕದಲ್ಲಿ ಯಾರೋ ಅಜ್ಜಿ ಪುಸ್ತಕವಿಲ್ಲದೆ ಹಾಡುತ್ತಿರುತ್ತಾರೆ, ಮುಂದಿನ ಸಾಲಿನಲ್ಲಿ ವಿದ್ವಾಂಸರ ಕೈ ಏಳುತ್ತ ಬೀಳುತ್ತ ಇರುತ್ತದೆ. ಚರಣದ ಸ್ವರ ತಪ್ಪಿದವರು ಒಂದು ಆವರ್ತ ಬಿಟ್ಟು ಮತ್ತೆ ಪಲ್ಲವಿಗೆ ಸೇರಿಕೊಳ್ಳುತ್ತಾರೆ. ಯಾರೂ ನಿಲ್ಲಿಸಿ ತಿದ್ದುವುದಿಲ್ಲ. ವರಾಳಿಯ ವಿಷಯವಂತೂ ಸ್ವಾರಸ್ಯದ್ದು. ಆ ರಾಗವನ್ನು ಗುರು ಶಿಷ್ಯನಿಗೆ ನೇರವಾಗಿ ಪಾಠ ಹೇಳಿದರೆ ಇಬ್ಬರ ನಡುವೆ ವಿರಸ ಬರುತ್ತದೆಂಬ ನಂಬಿಕೆ ಇಂದಿಗೂ ಕೆಲವು ಮನೆಗಳಲ್ಲಿದೆ, ಕೇಳಿಯೇ ಕಲಿಯಬೇಕು. ಹಾಗೆ ನಂಬುವವರಿಗೆ ಗೋಷ್ಠಿಗಿಂತ ಒಳ್ಳೆಯ ಶಾಲೆ ಇಲ್ಲ.

ಆಕ್ಷೇಪಗಳಲ್ಲಿ ತೂಕವಿರುವವೂ ಇವೆ. ಮಕ್ಕಳ ಸ್ಪರ್ಧೆ ಈ ಉತ್ಸವದ ದೊಡ್ಡ ಭಾಗ. ಸ್ಪರ್ಧೆಯ ದಿನ ಹತ್ತಿರ ಬಂದಂತೆ ಸಂಗೀತ ಪರೀಕ್ಷೆಯ ವಿಷಯವಾಗಿಬಿಡುತ್ತದೆ, ಅಪ್ಪ ಅಮ್ಮಂದಿರಿಗೆ ತಂಬೂರಿಯ ಶ್ರುತಿಗಿಂತ ತೀರ್ಪುಗಾರರ ಮುಖ ಮುಖ್ಯವಾಗುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ, ಬಹುಮಾನದ ಆಸೆಯಿಂದಲೇ ಹಲವು ಮನೆಗಳಲ್ಲಿ ವರ್ಷವಿಡೀ ಅಭ್ಯಾಸ ನಡೆಯುತ್ತದೆ ಎಂಬುದನ್ನೂ ಅಲ್ಲಗಳೆಯುವಂತಿಲ್ಲ. ಇನ್ನೊಂದು ಮಾತು, ಇದು ನಮ್ಮವರೇ ನಮ್ಮವರಿಗಾಗಿ ಮಾಡಿಕೊಂಡ ಕೂಟ, ಅದರೊಳಗೂ ಕೆಲವೇ ಜಾತಿಗಳ ಮನೆಗಳದ್ದು ಎಂಬುದು. ನಿಜವೇ. ಆದರೆ ಈ ದೋಷ ಚೆನ್ನೈನ ಡಿಸೆಂಬರ್ ಕಚೇರಿಗಳಿಂದಲೇ ವಿಮಾನ ಹತ್ತಿದ್ದು. ಹೆಂಗಸರಿಗೆ ಮುಚ್ಚಿದ್ದ ಸನ್ನಿಧಿಯನ್ನು ದೇವದಾಸಿ ಕುಲದ ಹೆಣ್ಣುಮಗಳಾದ ನಾಗರತ್ನಮ್ಮ ತೆರೆಸಿದರೆಂದರೆ, ಹೊಸ ದೇಶದಲ್ಲಿ ಹೊಸದಾಗಿ ಕಟ್ಟಿದ ವೇದಿಕೆಗೆ ಹಳೆಯ ಬೇಲಿಯನ್ನು ಹೊತ್ತು ತರುವ ದರ್ದಿರಲಿಲ್ಲ. ಕನ್ನಡಿಗರಿಗೂ ಒಂದು ಸಣ್ಣ ತಕರಾರಿದೆ: ಪುರಂದರದಾಸರನ್ನು ಸಂಗೀತ ಪಿತಾಮಹ ಎಂದು ಕೊಂಡಾಡುವ ಕಚೇರಿಗಳಲ್ಲಿ ದೇವರನಾಮದ ಸರದಿ ಬರುವುದು ಕೊನೆಗೆ, ತುಕಡಾಗಳ ಜೊತೆಗೆ.

ಹಾಗೆಂದು ಮನೆಯಲ್ಲಿ ಕೂರುವುದು ಇದಕ್ಕೆ ಉತ್ತರವಲ್ಲ. ಮಗನೋ ಮಗಳೋ ಅಮೆರಿಕದಲ್ಲಿದ್ದು, ಮೊಮ್ಮಗು ಪರದೆಯ ಮುಂದೆ ಸಂಗೀತ ಕಲಿಯುತ್ತಿದ್ದರೆ, ಸ್ಪರ್ಧೆಗೆ ಹೆಸರು ಕೊಡುವ ಯೋಚನೆಯನ್ನು ಒಂದು ವರ್ಷ ಮುಂದಕ್ಕೆ ಹಾಕಲು ಹೇಳಿ. ಮೊದಲು ಪಂಚರತ್ನ ಗೋಷ್ಠಿಯ ಮಧ್ಯದ ಸಾಲಿನಲ್ಲಿ ಆ ಮಗು ಒಮ್ಮೆ ಕೂತು ಬರಲಿ.